ಗಾಳಿಬಾವಿ

"ಮೆಲಾಹತ್ ಓಜಾನ್ ಅಂದ್ರೆ ನೀವೇ ತಾನೇ, ಚಿಕ್ಕಮ್ಮ?" ವ್ಯಾನಿನ ಬಾಗಿಲು ಹಿಡಿದು ನಿಂತ ಗೈಡ್ ತುಂಜಾಯ್ ಪಟ್ಟಿ ನೋಡುತ್ತಾ ಕೇಳಿದ.

"ಹೌದಪ್ಪ" ಅಂದಳು ಮೆಲಾಹತ್. ಸುಳ್ಳೇನಲ್ಲ, ತವರಿನ ಹೆಸರು. ಗಂಡನ ಹೆಸರು ಸೇರಿಸಿ ಹೇಳಿದ್ದರೆ ಈ ಪುಣ್ಯಾತ್ಮ ಅಲ್ಲೇ ಕೈಕಟ್ಟಿ ನಿಂತು, ಕಣ್ಣು ಒದ್ದೆ ಮಾಡಿಕೊಂಡು, ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಇಡೀ ದಿನ ಬಾಯಿಗೆ ಬೀಗ ಹಾಕಿಕೊಂಡಿರುತ್ತಿದ್ದ. ಅವಳಿಗೆ ಬೇಕಾದದ್ದು ಅದಲ್ಲ. ಇವನು ಬಾಯಿ ಬಿಡಬೇಕು. ಗಂಡ ಮುರ್ತಜಾ ಹೊರಗೆ ಎಂಥ ಮನುಷ್ಯನಾಗಿದ್ದ ಅಂತ ಅವನ ಕೈಯಲ್ಲಿ ಪಳಗಿದ ಇವನ ಬಾಯಿಂದಲೇ ತಿಳಿಯಬೇಕು. ಕಪ್ಪು ಕನ್ನಡಕ ಸರಿಮಾಡಿಕೊಂಡು, ತಲೆವಸ್ತ್ರ ಬಿಗಿದುಕೊಂಡು ಹಿಂದಿನ ಸೀಟಿಗೆ ಹೋಗಿ ಕೂತಳು.

ಮುರ್ತಜಾ ತೀರಿಕೊಂಡು ಮೂವತ್ತೆಂಟು ದಿನ. ಇದೇ ದಾರಿಯಲ್ಲಿ, ಬಹುಶಃ ಇದೇ ವ್ಯಾನಿನಲ್ಲಿ, ಮೂವತ್ತು ವರ್ಷ ಜನರನ್ನು ಕರೆದುಕೊಂಡು ಹೋಗಿ ಕಣಿವೆ ತೋರಿಸಿ, ಹಿಂದಿನವರು ಬಂಡೆ ಕೊರೆದು ಅಡಗಿ ಬದುಕಿದ ನೆಲದಡಿಯ ಊರು ತೋರಿಸಿ ಸಂಜೆ ಮನೆಗೆ ಬರುತ್ತಿದ್ದ. ಬಂದವನು ಚಪ್ಪಲಿ ಬಿಟ್ಟು, ಸೂಪು ಕುಡಿದು, ಟೀವಿ ಮುಂದೆ ಕೂರುತ್ತಿದ್ದ. ಮಾತಿಲ್ಲ ಕಥೆಯಿಲ್ಲ. ನಾಡಿದ್ದು ನಲವತ್ತನೇ ದಿನದ ಪ್ರಾರ್ಥನೆ. ಅಷ್ಟರೊಳಗೆ ಅವಳು ಒಂದು ತೀರ್ಮಾನಕ್ಕೆ ಬರಬೇಕಿತ್ತು.

ಹೆಣ ಎತ್ತುವ ಮುಂಚೆ ಮಸೀದಿಯ ಅಂಗಳದಲ್ಲಿ ಇಮಾಮರು ಎಲ್ಲರ ಕಡೆ ತಿರುಗಿ ಕೇಳಿದ್ದರು: "ಈ ಮನುಷ್ಯನ ಮೇಲೆ ನಿಮಗಿರುವ ಹಕ್ಕನ್ನು ಬಿಟ್ಟುಕೊಟ್ಟಿರಾ?" ಅವನು ಮಾಡಿದ ತಪ್ಪು, ಉಳಿಸಿದ ಋಣ ಎಲ್ಲ ಮನ್ನಿಸಿದಿರಾ ಅಂತ. ಎಲ್ಲ ಸಾವಿನಲ್ಲೂ ಕೇಳುವ ಹಾಗೆ ಮೂರು ಸಲ. ಜನ ಮೂರು ಸಲವೂ "ಬಿಟ್ಟೆವು" ಅಂದರು. ಹಾಲಿನವನು ಅಂದ, ಕೆಳಗಿನ ಮನೆಯ ಜಗಳಗಂಟಿ ಮುದುಕನೂ ಅಂದ. ಹೆಂಗಸರ ಸಾಲಿನಲ್ಲಿ ನಿಂತಿದ್ದ ಮೆಲಾಹತಳ ತುಟಿ ಮಾತ್ರ ಅಲ್ಲಾಡಲಿಲ್ಲ. ಪಕ್ಕದಲ್ಲಿದ್ದ ನಾದಿನಿ ಹಾಜೆರ್ ಮೊಣಕೈಯಿಂದ ತಿವಿದಳು. ತಿವಿದರೆ ಬರುವ ಮಾತೇ ಅದು?

ಅವತ್ತಿನಿಂದ ಹಾಜೆರ್ ಬಿಟ್ಟಿಲ್ಲ. ದಿನಾ ಫೋನು. "ಅತ್ತಿಗೆ, ನಮ್ಮಣ್ಣ ಮಣ್ಣಲ್ಲಿ ಭಾರ ಹೊತ್ಕೊಂಡು ಮಲಗವ್ನೆ. ನಲವತ್ತರೊಳಗೆ ಒಂದು ಮಾತು ಅಂದ್ಬಿಡು. ನಿನ್ನ ಗಂಟೇನು ಹೋಗುತ್ತೆ?"

ಗಂಟು ಹೋದದ್ದು ಇಪ್ಪತ್ತೇಳು ವರ್ಷದ ಹಿಂದೆ. ಆಗ ಅವರ ಮನೆ ಆ ನೆಲದಡಿಯ ಊರಿನ ಮೇಲೆಯೇ ಇತ್ತು. ಅಲ್ಲಿಯ ಎಲ್ಲ ಮನೆಗಳ ಹಾಗೆ ಅವರದಕ್ಕೂ ಆಲೂಗಡ್ಡೆ, ಉಪ್ಪಿನಕಾಯಿ ಇಡುವ ನೆಲಮಾಳಿಗೆ. ಅದರ ಹಿಂಗೋಡೆಯಲ್ಲಿ ಸುರಂಗಕ್ಕೆ ಇಳಿಯುವ ಒಂದು ಕಿಂಡಿ, ಕಿಂಡಿಗೆ ಅಡ್ಡ ಒಂದು ಹಲಗೆ. ಒಂದು ಸಂಜೆ ಮುರ್ತಜಾ ಇಬ್ಬರು ಪರದೇಶದ ಅತಿಥಿಗಳನ್ನು ಮನೆಗೆ ಕರೆತಂದ, ಟೀ ಕುಡಿಸಿದ. "ನಮ್ಮ ಮನೆಯಿಂದಲೇ ಇಳಿಬಹುದು ನೋಡಿ" ಅಂತ ಹೆಮ್ಮೆಯಿಂದ ಹಲಗೆ ತೆಗೆದು ತೋರಿಸಿದ. ಅವರನ್ನು ಬೀಳ್ಕೊಡುವ ಸಡಗರದಲ್ಲಿ ಹಲಗೆ ವಾಪಸು ಇಡುವುದು ಮರೆತ. ಮಾರನೇ ದಿನ ಆರು ವರ್ಷದ ಮಗಳು ನೆರ್ಗಿಸ್ ಬೆಕ್ಕಿನ ಮರಿ ಹುಡುಕಿಕೊಂಡು ಒಳಗೆ ಹೋದಳು. ಸುರಂಗಕ್ಕೆ ಗಾಳಿ ಬರಲೆಂದು ಆಳಕ್ಕೆ ಕೊರೆದ ಗಾಳಿಬಾವಿಗೆ ಬಿದ್ದಿದ್ದಳು. ಹಗ್ಗ ಕಟ್ಟಿಕೊಂಡು ಇಳಿದು ಎತ್ತಿ ತಂದವನೂ ಮುರ್ತಜಾನೇ.

ಮಣ್ಣು ಮಾಡಿ ನಾಲ್ಕನೇ ದಿನಕ್ಕೆ ಅವನು ಕೆಲಸಕ್ಕೆ ಹೋದ. ಅದೇ ಸುರಂಗಕ್ಕೆ. ಮನೆ ಮಾರಿ ಪಟ್ಟಣದ ಮೂರನೇ ಮಹಡಿಗೆ ಬಂದರು. ಇಪ್ಪತ್ತೇಳು ವರ್ಷದಲ್ಲಿ ಒಂದು ಸಲ, ಒಂದೇ ಒಂದು ಸಲ, ಅವನು ಮಗಳ ಹೆಸರು ಎತ್ತಲಿಲ್ಲ. ಎಂಥ ಕಲ್ಲು ಮನುಷ್ಯ ಅಂತ ಮೆಲಾಹತ್ ಅವನ ಬೆನ್ನು ನೋಡಿ ನೋಡಿ ಒಳಗೇ ಬೆಂದಿದ್ದಳು. ಅಂಥವನಿಗೆ ಯಾವ ಲೆಕ್ಕದಲ್ಲಿ ಹಕ್ಕು ಬಿಡಬೇಕು?

ಕಣಿವೆಯ ಅಂಚಿನಲ್ಲಿ ವ್ಯಾನು ನಿಂತಿತು. ಮೋಡ ಕವಿದಿತ್ತು, ಗಾಳಿ ಚುಚ್ಚುತ್ತಿತ್ತು. ಎದುರಿನ ಬಂಡೆಯ ತುಂಬ ಪಾರಿವಾಳದ ಗೂಡುಗಳು, ಅರ್ಧಕ್ಕರ್ಧ ಖಾಲಿ.

"ಹಿಂದೆ ನಮ್ಮ ಕಡೆ ಹೆಣ್ಣು ಕೊಡೋರು, ಹುಡುಗನಿಗೆ ಹೊಲ ಎಷ್ಟಿದೆ ಅಂತ ಕೇಳ್ತಿರಲಿಲ್ಲ, ಪಾರಿವಾಳ ಎಷ್ಟಿವೆ ಅಂತ ಕೇಳ್ತಿದ್ರು" ಎಂದು ತುಂಜಾಯ್ ಶುರುಮಾಡಿದ. "ಹಿಕ್ಕೆ ಗೊಬ್ಬರ ಇಲ್ದೆ ದ್ರಾಕ್ಷಿ ಇಲ್ಲ, ದ್ರಾಕ್ಷಿ ಇಲ್ದೆ ಊಟ ಇಲ್ಲ. ನಂಗೆ ಈ ಕೆಲಸ ಕಲಿಸಿದ ಮೇಷ್ಟ್ರ ಹತ್ರ ಒಂದು ಪಾರಿವಾಳಾನೂ ಇರಲಿಲ್ವಂತೆ. ಮತ್ತೆ ಹೆಣ್ಣು ಹೆಂಗೆ ಸಿಕ್ತು ಮೇಷ್ಟ್ರೇ ಅಂದ್ರೆ, 'ನಮ್ಮಾವನಿಗೆ ದೂರದ್ದು ಕಾಣ್ತಿರಲಿಲ್ಲ ಕಣೋ, ಪಕ್ಕದ ಮನೆಯವರ ಗೂಡು ತೋರಿಸ್ದೆ' ಅನ್ನೋರು."

ಎಲ್ಲರೂ ನಕ್ಕರು. ಮೆಲಾಹತಳ ಅಪ್ಪನಿಗೆ ನಿಜಕ್ಕೂ ದೂರದ್ದು ಕಾಣುತ್ತಿರಲಿಲ್ಲ. ಈ ತಮಾಷೆಯೆಲ್ಲ ಇಲ್ಲಿ ಸುರಿದು ಖಾಲಿಯಾಗಿ ಮನೆಗೆ ಬರುತ್ತಿದ್ದನೋ ಮಹರಾಯ. ಊರವರಿಗೆಲ್ಲ ನಗು, ಹೆಂಡತಿಗೆ ಬೆನ್ನು.

ಮಧ್ಯಾಹ್ನ ಕಣಿವೆಯ ಹೊಳೆ ಪಕ್ಕ ಮಣ್ಣಿನ ತಟ್ಟೆಯಲ್ಲಿ ಮೀನು ಬಂತು. ಇಜ್ಮಿರಿನ ರಿಟೈರ್ಡ್ ಟೀಚರಮ್ಮ ಫೆರಿಹಾ ಎದುರಿಗೆ ಕೂತಿದ್ದಳು. ಮಂಡಿನೋವಿನ ಗಂಡನಿಗೆ ಮೀನಿನ ಮುಳ್ಳು ಬಿಡಿಸಿ ಕೊಡುತ್ತಾ, ಬಾಯಲ್ಲಿ ಅವನನ್ನೇ ಬೈಯುತ್ತಾ.

"ಮುನ್ನೂರು ಮೆಟ್ಲು ಇಳಿಬೇಡಿ ಅಂದೆ, ಕೇಳಿದ್ರಾ? ಈಗ ಹತ್ತಿಸೋಕೆ ಕತ್ತೆ ತರಿಸ್ಲಾ?" ಅಂದು ಮೆಲಾಹತಳ ಕಡೆ ತಿರುಗಿದಳು. "ನೀವು ಒಬ್ರೇ ಬಂದಿದ್ದೀರಾ? ಯಜಮಾನ್ರು?"

"ಹೋದ್ರು."

"ಅಯ್ಯೋ. ಏನಾಗಿತ್ತು?"

"ಹೃದಯ" ಅಂದಳು ಮೆಲಾಹತ್. ಅಂಥದ್ದೊಂದು ಅವನಿಗೆ ಇತ್ತು ಅಂತ ಡಾಕ್ಟರು ಹೇಳಿದ ಮೇಲೇ ಗೊತ್ತಾದದ್ದು ಅಂತ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡಳು. ಫೆರಿಹಾಳ ಗಂಡ ಒಂದು ತುಂಡು ಬ್ರೆಡ್ಡು ಮುರಿದು ಇವಳ ತಟ್ಟೆಯ ಪಕ್ಕ ಇಟ್ಟ. ಅವಳು ಮೀನು ಬಿಟ್ಟು ಅದನ್ನೇ ಮೊದಲು ತಿಂದಳು.

ಮಿಕ್ಕ ತಂಡಗಳೆಲ್ಲ ನೆಲದಡಿಯ ಊರಿಗೆ ಬೆಳಿಗ್ಗೆಯೇ ನುಗ್ಗುತ್ತವೆ. ತುಂಜಾಯ್ ಅದನ್ನು ಕೊನೆಗೆ ಇಟ್ಟುಕೊಂಡಿದ್ದ, ಅದೂ ಮೇಷ್ಟ್ರ ಪಾಠವಂತೆ. ನಾಲ್ಕು ಗಂಟೆಗೆ ಊರಿನ ಚೌಕದಲ್ಲಿ ಎಲ್ಲರೂ ಇಳಿದ ಮೇಲೆ ಮೆಲಾಹತ್ ವ್ಯಾನಿನಿಂದ ಹೊರಬಂದಳು. ಇಪ್ಪತ್ತೇಳು ವರ್ಷದಿಂದ ಈ ಊರಿಗೆ ಕಾಲಿಟ್ಟಿರಲಿಲ್ಲ. ಅವರ ಮನೆ ಇದ್ದ ಜಾಗದಲ್ಲಿ ಬಟ್ಟೆಗೊಂಬೆ ಮಾರುವ ಅಂಗಡಿ ಎದ್ದಿತ್ತು. ಅತ್ತ ನೋಡದೆ, ಎಲ್ಲರ ಹಿಂದೆ ತಲೆ ತಗ್ಗಿಸಿ ಸುರಂಗಕ್ಕೆ ಇಳಿದಳು.

ಒಳಗೆ ತಣ್ಣಗಿತ್ತು. ಕೆಲವು ಕಡೆ ಸೊಂಟ ಅರ್ಧಕ್ಕೆ ಮಡಚಿ, ಗೋಡೆಗೆ ಭುಜ ತಾಗಿಸಿಕೊಂಡೇ ನಡೆಯಬೇಕು. ದನ ಕಟ್ಟುತ್ತಿದ್ದ ಕೋಣೆ, ಮಸಿ ಹಿಡಿದ ಅಡಿಗೆ ಕೋಣೆ, ಶತ್ರು ಬಂದರೆ ದಾರಿಗೆ ಅಡ್ಡ ಉರುಳಿಸುತ್ತಿದ್ದ ಬೀಸುಕಲ್ಲಿನಂಥ ಬಾಗಿಲು. ತುಂಜಾಯ್ ದನಿ ತಗ್ಗಿಸಿ ಹೇಳುತ್ತಿದ್ದ: "ಮೇಲೆ ಕುದುರೆ ಸಪ್ಪಳ ಕೇಳಿದ್ರೆ ಇಡೀ ಊರಿಗೂರೇ ಉಸಿರು ಬಿಗಿಹಿಡಿದು ಕೂರೋದು. ಮಕ್ಕಳು ಅಳೋ ಹಂಗಿಲ್ಲ." ಮೆಲಾಹತ್ ಅದ್ಯಾವುದನ್ನೂ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಗೋಡೆ ಮುಟ್ಟಿದರೆ ಬೆರಳಿಗೆ ಮೆತ್ತುವ ಆ ಬಿಳಿ ಪುಡಿ ಅವತ್ತು ಮಗಳ ಕೂದಲಲ್ಲೂ ಇತ್ತು. ಇಂಥ ಕಡೆ ದಿನಾ ಇಳಿದು ನಗೆಚಾಟಿಕೆ ಮಾಡಲು ಅವನಿಗೆ ಮನಸ್ಸಾದರೂ ಹೇಗೆ ಬಂತು? ಬಿಡುವುದಿಲ್ಲ, ಖಂಡಿತ ಬಿಡುವುದಿಲ್ಲ ಅಂದುಕೊಂಡಳು. ಹಾಜೆರ್ ಏನಾದರೂ ಬಡಕೊಳ್ಳಲಿ.

ಕೊನೆಯ ಮೆಟ್ಟಿಲ ಬುಡದಲ್ಲಿ ತುಂಜಾಯ್ ತಲೆ ಎಣಿಸಿದ. ಹದಿನಾಲ್ಕು ಸರಿಯಾಗಿತ್ತು. "ಬಾಣದ ಗುರುತು ಹಿಡಿದು ಮೇಲೆ ಹೋಗ್ತಾ ಇರಿ, ಡ್ರೈವರ್ ಬೆಕಿರಣ್ಣ ಟೀ ಹೇಳಿರ್ತಾನೆ. ನಾನು ಎರಡು ನಿಮಿಷದಲ್ಲಿ ಬಂದೆ." ಬೇರೆಯವರು ಏದುಸಿರು ಬಿಡುತ್ತಾ ಹತ್ತತೊಡಗಿದರು. ಅವನು ಟಾರ್ಚು ಹಿಡಿದು ಬಂದ ದಾರಿಯಲ್ಲೇ ವಾಪಸು ಹೊರಟ.

ಎಲ್ಲರೂ ಇದ್ದಾರಲ್ಲ, ಮತ್ತೆ ಇವನು ಯಾರನ್ನು ಹುಡುಕಿಕೊಂಡು ಹೋಗುತ್ತಿದ್ದಾನೆ? ಮೆಲಾಹತ್ ಹಿಂದೆಯೇ ನಡೆದಳು. ಒಂದು ತಿರುವು, ಇನ್ನೊಂದು ತಿರುವು. ದೀಪದ ಸಾಲು ಮುಗಿದ ಕಡೆ ಒಂದು ಸಣ್ಣ ಕೋಣೆ. ಅದರ ಗೋಡೆಯಲ್ಲಿ ಸಿಮೆಂಟು ಬಳಿದು ಮುಚ್ಚಿದ ಒಂದು ಕಿಂಡಿ. ಅದರ ಬುಡದಲ್ಲಿ ಕಬ್ಬಿಣದ ಜಾಲರಿ ಹಾಕಿದ ಗಾಳಿಬಾವಿ. ಕಿಂಡಿ ಯಾವ ಮನೆಯದು ಅಂತ ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ತುಂಜಾಯ್ ಜಾಲರಿಯ ಹತ್ತಿರ ಕುಕ್ಕರಗಾಲಲ್ಲಿ ಕೂತ. ಕೆಳಗೆ ಬಗ್ಗಿ, ಮನೆಯಂಗಳದಲ್ಲಿ ಆಡುತ್ತಿರುವ ಮಗುವನ್ನು ಕರೆಯುವಂತೆ ಕರೆದ.

"ನೆರ್ಗಿಸ್, ಎಲ್ಲಾ ಹೊರಟ್ವಿ ಕಣಮ್ಮ. ಬಾ, ಹೋಗೋಣ."

ಕರೆದು, ಸುಮ್ಮನೆ ಕಾದು ಕೂತ. ಮೆಲಾಹತ್ ಗೋಡೆ ಹಿಡಿದುಕೊಂಡಳು. ಅವಳ ಚಪ್ಪಲಿಯ ಸದ್ದಿಗೆ ಅವನು ತಿರುಗಿ ನೋಡಿದ.

"ಚಿಕ್ಕಮ್ಮ, ದಾರಿ ತಪ್ಪಿದ್ರಾ?"

"ಯಾರನ್ನ ಕರೆದೆ?"

ಅವನಿಗೆ ನಾಚಿಕೆಯಾಯಿತು. "ಏನಿಲ್ಲ, ನಮ್ಮದೊಂದು ರೂಢಿ. ನಮ್ಮ ಮೇಷ್ಟ್ರು ಮುರ್ತಜಾ ಅಂತ, ಹೋದ ತಿಂಗಳು ತೀರ್ಕೊಂಡ್ರು. ತಲೆ ಎಣಿಸಿದ ಮೇಲೆ ಇಲ್ಲಿಗೆ ಬಂದು ಹಿಂಗೆ ಕರೀದೆ ಅವರು ಒಂದು ದಿನ ಮೇಲೆ ಹತ್ತಿದ್ದಿಲ್ಲ. ಅವರ ಕೈ ಕೆಳಗೆ ಕಲಿತ ನಾವು ಏಳು ಜನಾನೂ ಕರೀತೀವಿ. ಕರೀದೆ ಬಂದ್ರೆ ಬೈಯೋರು."

"ಯಾರು ಅಂತ ಕೇಳಲಿಲ್ವಾ?"

"ಕೇಳ್ದೆ ಇರ್ತೀವಾ? 'ಎಣಿಕೆಗೆ ಸಿಗದೇ ಇರೋಳು ಒಬ್ಬಳು ಹಿಂದೆ ಉಳಿದಿದ್ದಾಳೆ' ಅನ್ನೋರು. ಏನೋ ಹಳೇ ಕಾಲದ ಕಥೆ ಇರಬೇಕು ಅನ್ಕೊಂಡ್ವಿ." ಅವನು ಟಾರ್ಚನ್ನು ಕೈಯಿಂದ ಕೈಗೆ ಬದಲಿಸಿದ. "ಒಂದು ಸಲ ಮಾತ್ರ ನನ್ನ ಹತ್ರ ಅಂದ್ರು, 'ಮನೇಲಿ ಈ ಹೆಸರು ಎತ್ತೋ ಹಾಗಿಲ್ಲ ಕಣೋ, ಇಲ್ಲಾದ್ರೂ ಕರೀಬೇಡ್ವಾ' ಅಂತ. ಅದು ನಂಗೆ ಇವತ್ತಿಗೂ ಅರ್ಥ ಆಗಿಲ್ಲ."

ಮೆಲಾಹತಳಿಗೆ ಅರ್ಥವಾಯಿತು.

ಮಣ್ಣು ಮಾಡಿ ಬಂದ ಸಂಜೆ. ಅವನು ಬಾಗಿಲಲ್ಲಿ ನಿಂತಿದ್ದ, ಹಗ್ಗ ಉಜ್ಜಿದ ಅಂಗೈ ಚರ್ಮ ಕಿತ್ತು ಹೋಗಿತ್ತು. "ನೆರ್ಗಿಸ್‌ದು ಆ ಕೆಂಪು ಸ್ವೆಟರು..." ಅಂತ ಏನೋ ಹೇಳಲು ಬಾಯಿ ತೆರೆದಿದ್ದ. ಅವಳು ಎದ್ದು ನಿಂತು ಅಂದಿದ್ದಳು: "ಆ ಬಾಯಲ್ಲಿ ಅವಳ ಹೆಸರು ಎತ್ತಬೇಡ. ಇನ್ನೊಂದು ಸಲ ಎತ್ತಿದ್ರೆ ನಾನೂ ಅದೇ ಬಾವಿಗೆ ಬೀಳ್ತೀನಿ." ಅವನು ತಲೆಯಾಡಿಸಿದ್ದ. ಅಷ್ಟೇ. ಅಂದ ಮಾತು ಅಂದವಳಿಗೆ ಮರೆತುಹೋಯಿತು, ಅಥವಾ ಮರೆಯುವುದು ಅನುಕೂಲವಾಗಿತ್ತು. ಅವನು ಮಾತ್ರ ಇಪ್ಪತ್ತೇಳು ವರ್ಷ ಅದನ್ನು ಪಾಲಿಸಿದ. ಅವಳು ಸಾಯದಿರಲಿ ಅಂತ ಬಾಯಿ ಮುಚ್ಚಿಕೊಂಡು ಸೂಪು ಕುಡಿದ. ಅವಳು ಅದನ್ನೇ ಕಲ್ಲುತನ ಅಂದಳು.

ಅವಳು ಜಾಲರಿಯ ಪಕ್ಕದಲ್ಲೇ ನೆಲದ ಮೇಲೆ ಕೂತಳು. ಕಪ್ಪು ಕನ್ನಡಕ ತೆಗೆದಳು.

"ನೆರ್ಗಿಸ್ ನನ್ನ ಮಗಳು" ಅಂದಳು. "ಮುರ್ತಜಾ ನನ್ನ ಗಂಡ."

ತುಂಜಾಯ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. "ಅಮ್ಮ, ನನಗೆ ಗೊತ್ತಿರಲಿಲ್ಲ. ಗೊತ್ತಿದ್ರೆ..."

"ನಿನ್ನದೇನಿದೆ ತಪ್ಪು? ನೀನು ಕರೆದೆಯಲ್ಲ."

ಅವಳು ಜಾಲರಿಯ ಮೇಲೆ ಎರಡೂ ಕೈಯೂರಿದಳು. ಕೆಳಗಿನಿಂದ ತಣ್ಣನೆ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಮುರ್ತಜಾ ಮಲಗಿರುವುದು ಇಲ್ಲಿಂದ ಇಪ್ಪತ್ತು ಮೈಲಿ ದೂರದ ಮಣ್ಣಿನಲ್ಲಿ. ಆದರೂ ಅವಳಿಗೆ ಮಾತಾಡಬೇಕಾದ ಜಾಗ ಇದೇ ಅನ್ನಿಸಿತು.

"ಬಿಟ್ಟುಕೊಟ್ಟೆ" ಅಂದಳು. "ನನ್ನ ಹಕ್ಕು ಬಿಟ್ಟುಕೊಟ್ಟೆ. ಬಿಟ್ಟುಕೊಟ್ಟೆ."

ಮೂರು ಸಲ ಆಯಿತು. ಎದೆ ಹಗುರಾಗಲಿಲ್ಲ. ಹೇಗೆ ಆದೀತು? ಅವನಿಗೂ ಇವಳ ಮೇಲೆ ಒಂದು ಹಕ್ಕು ಇತ್ತು, ಇಪ್ಪತ್ತೇಳು ವರ್ಷದ್ದು. ಅದನ್ನು ಬಿಟ್ಟುಕೊಡಲು ಬದುಕಿರುವ ಬಾಯಿ ಬೇಕು. ಅಂಗಳದಲ್ಲಿ ಇಮಾಮರು ಹೆಣದ ಪರವಾಗಿ ಕೇಳುತ್ತಾರೆ. ಉಳಿದವರ ಪರವಾಗಿ ಹೆಣವನ್ನು ಕೇಳುವ ಪದ್ಧತಿ ಎಲ್ಲಿಯೂ ಇಲ್ಲ.

"ನೀನೂ ಬಿಡು, ಮುರ್ತಜಾ" ಅಂದಳು ಜಾಲರಿಗೆ ಬಾಯಿ ಹತ್ತಿರ ತಂದು. "ನನಗೂ ಬಿಡು."

ಮೇಲಿನಿಂದ ವ್ಯಾನಿನ ಹಾರ್ನು ಎರಡು ಸಲ ಕೇಳಿಸಿತು. ಬಾಗಿಲು ಹಾಕುವ ಹೊತ್ತಾಗಿತ್ತು. ದೂರದ ಕೋಣೆಗಳಲ್ಲಿ ದೀಪಗಳು ಒಂದೊಂದಾಗಿ ಆರತೊಡಗಿದವು. ತುಂಜಾಯ್ ಬಗ್ಗಿ ಅವಳ ತೋಳು ಹಿಡಿದ.

"ಏಳಿ ಅಮ್ಮ. ಹೋಗೋಣ."

"ತಾಳಪ್ಪ" ಅಂದಳು ಮೆಲಾಹತ್, ತಲೆಯೆತ್ತದೆ. "ಅವರು ನಿಧಾನ. ಯಾವ ಮಾತಿಗೂ ತಕ್ಷಣ ಉತ್ತರ ಕೊಟ್ಟೋರಲ್ಲ."

ತುಂಜಾಯ್ ತೋಳು ಬಿಟ್ಟ. ಟಾರ್ಚನ್ನು ನೆಲದ ಮೇಲಿಟ್ಟು ಅವಳ ಪಕ್ಕದಲ್ಲಿ ಕೂತ.