ಫಿಲ್ಟರಿಗೊಂದು ಗವಸು

ಆ ಮನೆಯಲ್ಲಿ ಬರಿಮೈಯಲ್ಲಿ ಇರಲು ಯಾವ ವಸ್ತುವಿಗೂ ಅಪ್ಪಣೆ ಇರಲಿಲ್ಲ. ಟಿವಿ ರಿಮೋಟಿಗೆ ಗವಸು, ಮಿಕ್ಸಿಗೆ ಗವಸು, ಫ್ರಿಜ್ಜಿನ ಹಿಡಿಕೆಗೆ ಗವಸು, ಗವಸುಗಳನ್ನು ಮಡಿಸಿಡುವ ಪೆಟ್ಟಿಗೆಗೂ ಒಂದು ಗವಸು. ಎಲ್ಲವೂ ಅತ್ತೆಯ ಕೈಕೆಲಸ. ಬಹಳ ವರ್ಷ ಹೊಲಿಗೆ ಅಂಗಡಿ ನಡೆಸಿದವರು, ಮೊಣಕಾಲು ನೋವು ಹೆಚ್ಚಾದ ಮೇಲೆ ಅಂಗಡಿ ಮುಚ್ಚಿ, ಯಂತ್ರವನ್ನು ಮನೆಗೆ ತಂದು ಕಿಟಕಿ ಪಕ್ಕ ಇಟ್ಟುಕೊಂಡಿದ್ದರು. ಅಂಗಡಿ ಮುಚ್ಚಿದರೇನು, ಕೈ ಸುಮ್ಮನಿರಬೇಕಲ್ಲ. "ಒಂದೇ ಕಡೆ ಜಾಸ್ತಿ ಹೊತ್ತು ಕೂತ್ಕೋಬೇಡಮ್ಮ, ನಿಂಗೂ ಅಳತೆ ತಗೊಂಡ್ಬಿಡ್ತಾಳೆ," ಎಂದು ಮಾವ ಸೊಸೆಗೆ ಮದುವೆಯಾದ ಹೊಸದರಲ್ಲೇ ಎಚ್ಚರಿಕೆ ಕೊಟ್ಟಿದ್ದರು.

ಗವಸಿಲ್ಲದೆ ಉಳಿದದ್ದು ಎರಡೇ. ಒಂದು, ಊಟದ ಮೇಜಿನ ನಾಲ್ಕನೆಯ ಕುರ್ಚಿ. ಅದು ಸೊಸೆ ಬಂದ ಮೇಲೆ ಅವಳಿಗೆಂದು ತಂದದ್ದು. ಉಳಿದ ಮೂರಕ್ಕೂ ಹೂವಿನ ಬಟ್ಟೆ, ಇದಕ್ಕೆ ಬರೀ ಮರ. ಸೊಸೆ ಅದನ್ನು ಗಮನಿಸಿದ್ದಳು, ಬೇಜಾರೂ ಮಾಡಿಕೊಂಡಿದ್ದಳು, ಆದರೆ ಬಾಯಿ ಬಿಟ್ಟಿರಲಿಲ್ಲ. ಕೇಳಿ ಹೊಲಿಸಿಕೊಳ್ಳುವುದು ಅದೆಂಥ ಚೆಂದ!

ಇನ್ನೊಂದು, ಸಾಹುಕಾರ. ಸಾಹುಕಾರನೆಂದರೆ ಅವಳ ಬೆಕ್ಕು. ಸೋಫಾದ ಮೇಲೆ ಹೊಟ್ಟೆ ಚೆಲ್ಲಿ ಕೂತು ಎಲ್ಲರನ್ನೂ ಸಾಲಗಾರರ ಹಾಗೆ ನೋಡುತ್ತಿದ್ದುದರಿಂದ ಮಾವ ಇಟ್ಟ ಹೆಸರು. ಮದುವೆಗೆ ಮುಂಚೆ ಅವಳು ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಒಂಟಿ ಕೋಣೆಗೆ ಬಂದಾಗ ಬಾಗಿಲಲ್ಲಿ ಕಾಯುತ್ತಿದ್ದ ಜೀವ ಅದೊಂದೇ. ಈಗ ಆ ಸಾಹುಕಾರನಿಗೇ ಗಡೀಪಾರಾಗಿತ್ತು.

ಕಾರಣ ಮಾವನ ಕೆಮ್ಮು. ಬಸ್ಸಿನ ಕಂಡಕ್ಟರಾಗಿ ಜೀವಮಾನವಿಡೀ ಹೊಗೆ ಕುಡಿದರೂ ಕೆಮ್ಮದಿದ್ದ ಮನುಷ್ಯ ಎರಡು ತಿಂಗಳಿಂದ ಉಸಿರಿಗೆ ಒದ್ದಾಡುತ್ತಿದ್ದರು. "ಧೂಳೋ ಕೂದಲೋ, ಏನೋ ಒಂದು ಆಗ್ತಿಲ್ಲ," ಎಂದರು ಡಾಕ್ಟರು. ಧೂಳು ಎಂದದ್ದು ಯಾರ ಕಿವಿಗೂ ಬೀಳಲಿಲ್ಲ, ಕೂದಲು ಮಾತ್ರ ಬಿತ್ತು. ಭಾನುವಾರ ದೊಡ್ಡ ನಾದಿನಿ, ಗಂಡನ ಅಕ್ಕ, ಬಂದು ಬೆಕ್ಕನ್ನು ತನ್ನ ಮನೆಗೆ ಒಯ್ಯುವುದೆಂದು ಅತ್ತೆ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. ಗಂಡ ಇತ್ತ ದರಿ ಅತ್ತ ಪುಲಿ ಎನ್ನುವವನ ಹಾಗೆ ಗೋಡೆಯ ಗಡಿಯಾರ ನೋಡುತ್ತ ನಿಂತ. ಸೊಸೆ ಸಾಹುಕಾರನನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು. ಆದರೂ ಎದುರಾಡಲಿಲ್ಲ. ಮಾವನ ಉಸಿರಿಗಿಂತ ಬೆಕ್ಕು ಹೆಚ್ಚೇ?

ಅಂದಿನಿಂದ ಅವಳು ದಿನವೂ ಮನೆಯಿಡೀ ವ್ಯಾಕ್ಯೂಮ್ ಕ್ಲೀನರ್ ಎಳೆದಳು. ಒಂದು ಕೂದಲೂ ಸಿಗದಂತಾದರೆ ಅತ್ತೆಯ ಮನಸ್ಸು ಬದಲಾದೀತು ಎಂಬ ಆಸೆ. ವಿಚಿತ್ರವೆಂದರೆ ಅವಳು ಎಳೆದಷ್ಟೂ ಮಾವ ಕೆಮ್ಮಿದರು. ಒರೆಸಿದ ಟಿವಿಯ ಮೇಲೆ ಅರ್ಧ ಗಂಟೆಯಲ್ಲಿ ಮತ್ತೆ ಹಿಟ್ಟಿನಂಥ ಧೂಳು. "ಎಷ್ಟು ಎಳೆದ್ರೂ ಅಷ್ಟೇ ಕಣೇ, ಉದುರಿಸೋನು ಮನೇಲೇ ಇದಾನಲ್ಲ," ಎಂದರು ಅತ್ತೆ.

ಭಾನುವಾರ ಬೆಳಿಗ್ಗೆ ಅವಳು ಕೊನೆಯ ಸಲ ಎಂದುಕೊಂಡು ಎಳೆಯುತ್ತಿದ್ದಾಗ ಯಂತ್ರ ಗೊರ್ರೆಂದು ಸದ್ದು ಬದಲಿಸಿ, ಸುಟ್ಟ ವಾಸನೆ ಬಿಟ್ಟು ನಿಂತೇಹೋಯಿತು. ಫಿಲ್ಟರ್ ಬದಲಾಯಿಸುವ ಕೆಲಸ ಎಂದೂ ಅತ್ತೆಯದು. ಅವರು ಸ್ನಾನಕ್ಕೆ ಹೋಗಿದ್ದರು. ಕಾಯಲು ಸಮಯವಿರಲಿಲ್ಲ. ಅಟ್ಟದ ಮೇಲಿದ್ದ ಹೊಸ ಫಿಲ್ಟರ್ ಇಳಿಸಿಕೊಂಡು, ಪ್ಲಗ್ ಕಿತ್ತು, ಯಂತ್ರ ಆರುವ ತನಕ ಕಾದು, ಹಿಂಬದಿಯ ಮುಚ್ಚಳದ ಕೊಂಡಿ ಒತ್ತಿ ತೆಗೆದಳು.

ಒಳಗೆ ಫಿಲ್ಟರ್ ಅಂಗಿ ತೊಟ್ಟು ಕೂತಿತ್ತು!

ತಿಳಿನೀಲಿ ಅಸ್ತರ್ ಬಟ್ಟೆ. ನಾಲ್ಕು ಮೂಲೆಗೂ ಮಡಿಕೆ, ಅಂಚಿಗೆ ಬಿಳಿಯ ಪೈಪಿಂಗ್, ಜಾರದ ಹಾಗೆ ಎಲಾಸ್ಟಿಕ್. ಅವಳು ಅದನ್ನು ಬಿಚ್ಚಿದಳು. ನಡುವೆ ಫಿಲ್ಟರ್ ತಂದ ದಿನದಷ್ಟೇ ಬೆಳ್ಳಗಿತ್ತು. ಗವಸಿನ ದಪ್ಪಕ್ಕೆ ರಬ್ಬರ್ ಅಂಚು ಸೊಟ್ಟಗಾಗಿ, ಸುತ್ತಲೂ ಸಂದು ಬಿಟ್ಟಿತ್ತು. ಸಂದಿನ ತುಂಬ ಬೂದು ಧೂಳು. ಎರಡು ತಿಂಗಳಿಂದ ಯಂತ್ರ ಮುಂದಿನಿಂದ ಎಳೆದ ಧೂಳನ್ನು ಹಿಂದಿನಿಂದ ಮಾವನ ಮುಖಕ್ಕೇ ಊದುತ್ತಿತ್ತು. ಹಿಂದಿನ ಸಲ ಅತ್ತೆ ಫಿಲ್ಟರ್ ಬದಲಾಯಿಸಿದ್ದೂ ಎರಡು ತಿಂಗಳ ಹಿಂದೆಯೇ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಅವಳಿಗೆ ಮೈಯೆಲ್ಲ ಉರಿಯಿತು. ಹೊಸ ಫಿಲ್ಟರನ್ನು ಹಾಗೇ ಕೂರಿಸಿದಳು; ಟಕ್ಕೆಂದು ಕೂತಿತು. ಗವಸನ್ನು ಕೈಯಲ್ಲಿ ಹಿಡಿದು, ಎಲ್ಲರ ಎದುರು ಹೇಳಿಯೇಬಿಡುತ್ತೇನೆಂದು ಹೊರಟಳು.

ನಡುಮನೆಯಲ್ಲಿ ನಾದಿನಿ ಆಗಲೇ ಬಂದು ಕೂತಿದ್ದಳು, ಪಕ್ಕದಲ್ಲಿ ಮುಚ್ಚಳದ ಬುಟ್ಟಿ. ಸಾಹುಕಾರ ಅದನ್ನು ಮೂಸಿ ನೋಡುತ್ತಿದ್ದ. ಸ್ನಾನ ಮುಗಿಸಿ ಬಂದ ಅತ್ತೆ ಸೊಸೆಯ ಕೈ ನೋಡಿದರು. ನೋಡಿದ್ದೇ ಹಿಂದಿದ್ದ ತೆರೆದ ಯಂತ್ರವನ್ನೂ ನೋಡಿದರು, ಕೆಮ್ಮುತ್ತಿದ್ದ ಗಂಡನನ್ನೂ ನೋಡಿದರು. ಅವರ ಮುಖ ಇಳಿದುಹೋಯಿತು. ಗಟ್ಟಿಗಿತ್ತಿ ಅತ್ತೆಯನ್ನು ಅವಳು ಹಾಗೆ ಎಂದೂ ಕಂಡಿರಲಿಲ್ಲ.

"ಏನೇ ಅದು ಕೈಯಲ್ಲಿ?" ಎಂದಳು ನಾದಿನಿ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಸೊಸೆ ಗವಸನ್ನು ನೀಟಾಗಿ ಮಡಿಸಿದಳು.

"ಸಾಹುಕಾರನ ದಿಂಬಿಗೆ ಅತ್ತೆ ಗವಸು ಹೊಲಿದಿದಾರೆ, ಅತ್ತಿಗೆ," ಎಂದಳು.

"ಬೆಕ್ಕಿಗಾ? ಅಮ್ಮನಾ?" ನಾದಿನಿಯ ಬಾಯಿ ತೆರೆದೇ ಇತ್ತು. "ಮತ್ತೆ ನನ್ನ ಯಾಕೆ ಕರೆಸಿದ್ದು?"

"ಮಿಷಿನ್ನಿನ ಫಿಲ್ಟರ್ ಸರಿಯಾಗಿ ಕೂತಿರ್ಲಿಲ್ಲ, ಧೂಳೆಲ್ಲ ಹಿಂದಿನಿಂದ ಬರ್ತಿತ್ತು. ಈಗ ಬದಲಾಯಿಸಿದೀನಿ. ಒಂದು ತಿಂಗಳು ನೋಡೋಣ. ಮಾವನ ಕೆಮ್ಮು ನಿಲ್ಲದಿದ್ರೆ ನಾನೇ ಇವನನ್ನ ನಿಮ್ಮನೆಗೆ ತಂದುಬಿಡ್ತೀನಿ."

ಎಲ್ಲರೂ ಅತ್ತೆಯ ಕಡೆ ತಿರುಗಿದರು. ಅತ್ತೆ ಸೊಸೆಯ ಕೈಯಿಂದ ಗವಸು ತೆಗೆದುಕೊಂಡು ಎಲಾಸ್ಟಿಕ್ ಎಳೆದು ನೋಡಿದರು. "ಅಳತೆ ತಪ್ಪಿದೆ," ಎಂದರು ಮೆಲ್ಲಗೆ. "ಬಿಚ್ಚಿ ಹೊಲೀಬೇಕು. ಬುಟ್ಟಿ ತಗೊಂಡು ಹೋಗು ನೀನು."

ನಾದಿನಿ ಹೋದ ಮೇಲೆ ಮಾವ ಸೊಸೆಯ ಹತ್ತಿರ ಬಂದು, ತೆರೆದ ಯಂತ್ರದ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿದರು. "ಹಾವೂ ಸಾಯಬೇಕು, ಕೋಲೂ ಮುರೀಬಾರದು ಅಂತಾರಲ್ಲ, ನಿನ್ನನ್ನ ನೋಡೇ ಹೇಳಿರ್ಬೇಕು," ಎಂದು ನಕ್ಕು, ನಗುವಿನ ನಡುವೆಯೇ ಕೆಮ್ಮಿದರು.

ಕೆಮ್ಮು ದಿನದಿಂದ ದಿನಕ್ಕೆ ಇಳಿಯಿತು. ತಿಂಗಳು ತುಂಬುವ ಮೊದಲೇ ಮಾವ ಮಹಡಿ ಮೆಟ್ಟಿಲನ್ನು ನಿಲ್ಲದೆ ಹತ್ತುತ್ತಿದ್ದರು. ಅತ್ತೆ ಮಾತ್ರ ಆ ವಿಷಯ ಎತ್ತಲಿಲ್ಲ, ಸೊಸೆಯೂ ಹೊಟ್ಟೆಗೆ ಹಾಕಿಕೊಂಡಳು. ಒಮ್ಮೆ ಮಾತ್ರ, ಅವಳು ಯಂತ್ರದ ಹಿಂಬದಿ ತೆರೆದು ನೋಡುತ್ತಿದ್ದಾಗ ಅತ್ತೆ ಬಂದು ಪಕ್ಕದಲ್ಲಿ ನಿಂತರು. ಫಿಲ್ಟರ್ ಆಗಲೇ ಬೂದು ಬಣ್ಣಕ್ಕೆ ತಿರುಗಿತ್ತು.

"ಹೀಗೇ ಬಿಡಬೇಕಾ? ಎಷ್ಟು ಬೆಳ್ಳಗಿತ್ತು ಪಾಪ," ಎಂದರು.

"ಕೊಳೆ ಆಗೋದೇ ಅದರ ಕೆಲಸ, ಅತ್ತೆ."

"ಹೂಂ," ಎಂದು ಅತ್ತೆ ಯಂತ್ರದ ಕಡೆ ಹೋದರು, ಹೊಲಿಗೆ ಯಂತ್ರದ ಕಡೆ. ಮಧ್ಯಾಹ್ನವಿಡೀ ಅದರ ಸದ್ದು ಕೇಳುತ್ತಿತ್ತು.

ಸಂಜೆ ಸೊಸೆ ಊಟದ ಮೇಜಿಗೆ ಬಂದಾಗ ನಾಲ್ಕನೆಯ ಕುರ್ಚಿಗೆ ಗವಸು ಬಿದ್ದಿತ್ತು. ತಿಳಿನೀಲಿ ಬಟ್ಟೆ, ಅಂಚಿಗೆ ಬಿಳಿಯ ಪೈಪಿಂಗ್. ಉಳಿದ ಮೂರಕ್ಕಿಂತ ಹೊಲಿಗೆ ಒಂದು ಕೈ ಮೇಲೇ ಇತ್ತು. ಅದರ ಮೇಲೆ ಸಾಹುಕಾರ ಹೊಟ್ಟೆ ಚೆಲ್ಲಿ ಮಲಗಿದ್ದ.

"ಬಟ್ಟೆ ಉಳಿದಿತ್ತು, ಅದಕ್ಕೆ," ಎಂದರು ಅತ್ತೆ, ತಟ್ಟೆಗಳನ್ನು ಇಡುತ್ತ, ತಲೆ ಎತ್ತದೆ. "ಅವನನ್ನ ಅಲ್ಲಿಂದ ಎಬ್ಬಿಸು. ಅದು ನಿನ್ನ ಜಾಗ."