ಮಧ್ಯಾಹ್ನ ನೆಮ್ಮದಿಯಾದ ಎದೆ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಬೈರಿದೇವರಕೊಪ್ಪದ ಮಾಲತೇಶನ ಮನೆಯಲ್ಲಿ ಅದು ಶುರುವಾಗುತ್ತಿದ್ದುದೇ ಉಂಡ ಮೇಲೆ. ಗಬ್ಬೂರ ಬೈಪಾಸಿನಲ್ಲಿ ಲಾರಿ ಗ್ಯಾರೇಜು ನಡೆಸುತ್ತಿದ್ದ ಅವನಿಗೆ ಸಾರಿಗೆ ಉಪ್ಪು ಕಡಿಮೆಯಾದರೂ ಸಾಕು, ಹೆಂಡತಿ ಸುಕನ್ಯಾಳ ಕೂದಲು ಮುಷ್ಟಿಯಲ್ಲಿರುತ್ತಿತ್ತು. ಒಮ್ಮೆ ಗೋಡೆಗೆ ಗುದ್ದಿಸಿ ಅವಳ ಹಲ್ಲು ಮುರಿದಿದ್ದ. ಅವನ ತಾಯಿ ಮುರಿಗೆವ್ವ ಪಕ್ಕದ ಕೋಣೆಯಲ್ಲೇ ಇರುತ್ತಿದ್ದಳು. ಸದ್ದು ಕೇಳಿದೊಡನೆ ಕೌದಿ ಮುಸುಕೆಳೆದುಕೊಂಡು ಮಲಗುವುದು ಆ ಪುಣ್ಯಾತಗಿತ್ತಿಯ ಪದ್ಧತಿ.

2005ರ ಬೇಸಿಗೆಯಲ್ಲಿ ಸುಕನ್ಯಾ ಎರಡು ಸಲ ತಲೆ ತಿರುಗಿ ಬಿದ್ದಳು. ವಿದ್ಯಾನಗರದ ಡಾಕ್ಟರಮ್ಮ ಎದೆಗೆ ತಂತಿ ಅಂಟಿಸಿ, ಸೊಂಟಕ್ಕೆ ಎದೆಬಡಿತ ದಾಖಲಿಸುವ ಪುಟ್ಟ ಯಂತ್ರ ಕಟ್ಟಿ, ಒಂದು ದಿನ ಹಾಗೇ ಇರಲಿ ಎಂದರು. ಆ ದಿನ ಮಾಲತೇಶ ಕೈ ಎತ್ತಲಿಲ್ಲ. ಹೊಡೆದದ್ದು ಯಂತ್ರಕ್ಕೆ ಗೊತ್ತಾದೀತೆಂದು ಅಂಜಿದ್ದ. ಹುಲಿಯಂಥ ಗಂಡಸು!

ಮರುದಿನ ಡಾಕ್ಟರಮ್ಮ ಫಲಿತಾಂಶ ನೋಡಿ, ಬಡಿತ ಒಂದೇ ಸಮ ಇದೆ ಎಂದರು. ಗಡಿಯಾರದ ಹಾಗೆ ಅನ್ನಿ, ಹಾಗಾದರೆ ಚಿಂತೆ ಇಲ್ಲ ಎಂದು ಮಾಲತೇಶ ಎದ್ದ. ಅವರು ಕೂರಿಸಿದರು. ನಿಶ್ಚಿಂತೆಯ ಎದೆ ಉಸಿರು ಎಳೆದಾಗ ತುಸು ಬೇಗ, ಬಿಟ್ಟಾಗ ತುಸು ನಿಧಾನ ಬಡಿಯುತ್ತದೆ. ಜೀವ ಸದಾ ಅಂಜಿಕೊಂಡಿದ್ದರೆ ಆ ಏರಿಳಿತ ಇಲ್ಲವಾಗಬಹುದು ಎಂದು ತಿಳಿಸಿ ಹೇಳಿದರು. ಇವಳಿಗೆ ಆ ಏರಿಳಿತ ನಿದ್ದೆಯಲ್ಲೂ ಇರಲಿಲ್ಲ. ನಿನ್ನೆ ಮಧ್ಯಾಹ್ನ ಮಾತ್ರ ಸ್ವಲ್ಪ ಹೊತ್ತು ಚೆನ್ನಾಗಿತ್ತು, ಆಗ ಏನು ಮಾಡುತ್ತಿದ್ದೆಯಮ್ಮ ಎಂದು ಗಂಡನ ಎದುರೇ ಕೇಳಿಬಿಟ್ಟರು. ಸುಕನ್ಯಾ ತಲೆ ತಗ್ಗಿಸಿದಳು.

ಆ ಮಧ್ಯಾಹ್ನ ಮಾಲತೇಶ ಕೋರ್ಟಿನ ಕೆಲಸಕ್ಕೆ ಧಾರವಾಡಕ್ಕೆ ಹೋಗಿದ್ದ. ತಾನಿಲ್ಲದ ಹೊತ್ತಿನಲ್ಲಿ ಹೆಂಡತಿಯ ಎದೆಗೆ ಅಷ್ಟು ನೆಮ್ಮದಿ ಯಾಕೆ? ಮನೆ ಮುಟ್ಟುತ್ತಲೇ ಗ್ಯಾರೇಜಿನಲ್ಲಿ ನಟ್ಟು ಬಿಚ್ಚುವ ಕಬ್ಬಿಣದ ಪಾನಾ ಕೈಗೆ ತಗೊಂಡ.

"ಖರೇ ಹೇಳು. ಮಧ್ಯಾಹ್ನ ಯಾವಂವ ಬಂದಿದ್ದ?"

ಮೊದಲ ಏಟು ಭುಜಕ್ಕೆ ಬಿತ್ತು. ಎರಡನೆಯದನ್ನು ತಡೆಯಲು ಹೋದ ಬಲಗೈಯ ಮಣಿಕಟ್ಟು ಲಟಕ್ಕೆಂದಿತು. ಸೊಂಟಕ್ಕೆ ಒದ್ದ. ಕುತ್ತಿಗೆಯ ಮೇಲೆ ಕಾಲಿಟ್ಟು ಮತ್ತೆ ಅದನ್ನೇ ಕೇಳಿದ. ಸುಕನ್ಯಾ ಬಾಯಲ್ಲಿದ್ದ ರಕ್ತ ಉಗುಳಿದಳು.

"ಯಾರೂ ಬಂದಿರಲಿಲ್ರಿ. ನೀವು ಇರಲಿಲ್ಲ, ಅಷ್ಟ."

ಅವನು ಪಾನಾವನ್ನು ತಲೆಯ ಮೇಲಕ್ಕೆ ಎತ್ತಿದ. ಅದು ಇಳಿದಿದ್ದರೆ ಅವಳು ಉಳಿಯುತ್ತಿರಲಿಲ್ಲ. ಹಿಂದಿನಿಂದ ಮುರಿಗೆವ್ವ ಒನಕೆಯಿಂದ ಮಗನ ಮೊಣಕೈಗೆ ಹೊಡೆದಳು. ಎಲುಬು ಮುರಿದ ಸದ್ದು ಅಂಗಳದವರೆಗೂ ಕೇಳಿತು. ಅವನು ಚೀರುತ್ತ ಕುಸಿದ; ತಾಯಿ ಇನ್ನೊಂದು ಏಟು ಬೆನ್ನಿಗೆ ಹಾಕಿದಳು.

"ಹೊರಗ ನಡಿ. ಅಕಿ ಮಲಕೊಳ್ಳಲಿ."

ಅವನು ತೆವಳಿಕೊಂಡು ಹೊಸ್ತಿಲು ದಾಟಿದ. ಮುರಿಗೆವ್ವ ಅಗುಳಿ ಹಾಕಿ, ತನ್ನ ಕೌದಿ ತಂದು ಹಾಸಿ, ಸೊಸೆಯನ್ನು ಎಬ್ಬಿಸಲು ಬಾಗಿದಳು. ಆ ಕೌದಿ ನೋಡಿ ಸುಕನ್ಯಾ ಗೋಡೆಗೆ ಸರಿದಳು. ನೆಲದ ಮೇಲಿದ್ದ ಪಾನಾವನ್ನು ಎಡಗೈಯಲ್ಲಿ ಎತ್ತಿಕೊಂಡು, ಅತ್ತೆಯ ಮುಖದ ನೇರಕ್ಕೆ ಹಿಡಿದಳು.