ಮೂಲಗೌಡರ ಮುಖ

ಕಾಲುವೆಗೆ ನೀರು ಬಂದು ಜೋಳದ ಹೊಲದಲ್ಲಿ ಭತ್ತ ತೂಗಿದ ಮೇಲೆ ಬಸವಣ್ಣಗೌಡರಿಗೆ ಇತಿಹಾಸದ ಹುಚ್ಚು ಹಿಡಿಯಿತು. ಸುರಪುರದ ಆಚೆಗಿನ ತಮ್ಮ ಊರನ್ನು ಕಟ್ಟಿದ ಮೂಲಗೌಡರ ಚಿತ್ರ ಬೇಕೆಂದರು. ಎಂದೋ ಸತ್ತವರ ಮುಖ ಕಂಡವರು ಯಾರು? ಕೆಲಸ ಮರಿಲಿಂಗಪ್ಪನ ತಲೆಗೆ ಬಂತು. ಅದೇ ಊರ ಹೊರಗಿನ ಕೇರಿಯಲ್ಲಿ ಹುಟ್ಟಿ, ಈಗ ಶಹಾಪುರದಲ್ಲಿ ಚಿತ್ರ ಬರೆದು ಬದುಕುತ್ತಿದ್ದವನು. ಹಳೆಯ ರಾಜರಿಗೆ ಇವತ್ತಿನ ಜನರ ಮುಖ ಕೊಡುವುದು ಅವನ ರೀತಿ. ಕಲಬುರಗಿಯ ಪ್ರದರ್ಶನದಲ್ಲಿ ಅದಕ್ಕೆ ಭೇಷ್ ಅಂದಿದ್ದರು. ಗೌಡರಿಗೆ ಈ ಸಂಗತಿ ಗೊತ್ತಿರಲಿಲ್ಲ.

ಕುಂಚ ಹಿಡಿದಾಗ ಕಣ್ಣ ಮುಂದೆ ಬಂದದ್ದು ಒಂದೇ ಮುಖ, ತೀರಿಹೋದ ಅಪ್ಪ ತಾಯಪ್ಪನದು. ಗೌಡರ ಹೊಲದಲ್ಲೇ ದುಡಿದು, ಕಾಲುವೆ ಅಗೆಯುವಾಗ ಕಲ್ಲು ಸಿಡಿದು ಹಣೆ ಒಡೆದುಕೊಂಡವನು. ಮರಿಲಿಂಗಪ್ಪ ಅವನಿಗೆ ಜರಿರುಮಾಲು ಸುತ್ತಿ, ಗಾಯ ಮುಚ್ಚುವಂತೆ ಕೆಳಗೆಳೆದು, ಮೀಸೆ ದಪ್ಪ ಮಾಡಿದ. ಇನ್ನು ಯಾರಿಗೂ ಗುರುತು ಹತ್ತದು ಅಂದುಕೊಂಡ.

ಗೌಡರ ಮನೆಯಲ್ಲಿ ಚಿತ್ರದ ಪರದೆ ಸರಿಸುವ ದಿನ ಆ ಧೈರ್ಯವೆಲ್ಲ ಎಲ್ಲಿ ಹೋಯಿತೋ! ಗೊತ್ತಾದರೆ ಕೈ ಮುರಿಯುತ್ತಾರೆ, ಕೇರಿಯ ಮನೆಗಳೂ ಉಳಿಯಲಿಕ್ಕಿಲ್ಲ. ಅವ್ವ ದೇವಕಮ್ಮನಿಗೆ "ನೀ ಬರಬ್ಯಾಡ" ಎಂದು ಗೋಗರೆದಿದ್ದ. ಮಗ ಬರೆದದ್ದನ್ನು ನೋಡದೆ ಇರುವ ಜೀವವೇ ಅದು? ಬಂದು ಬಾಗಿಲ ಹೊರಗೆ ನಿಂತಿದ್ದಳು.

ಪರದೆ ಸರಿಯಿತು. ದೇವಕಮ್ಮ ನೋಡಿದವಳೇ ತಲೆ ತುಂಬ ಸೆರಗು ಎಳೆದುಕೊಂಡು ಮೋರೆ ತಿರುಗಿಸಿದಳು.

"ಯಾಕ ದೇವಕಮ್ಮ, ಗುರ್ತು ಹತ್ತಲಿಲ್ಲೇನು?" ಗೌಡರು ಕೇಳಿದರು. "ಇವರ್ಯಾರು, ಹೆಸರು ಹೇಳು ನೋಡೂನು."

"ಆ ಹೆಸರು ನಾ ಹೇಳಂಗಿಲ್ರಿ, ಎಪ್ಪಾ."

"ಮರ್ತಾಳ, ಮುದುಕಿ!"

ಎಲ್ಲರೂ ನಕ್ಕರು. ಮರಿಲಿಂಗಪ್ಪನೂ ಹಲ್ಲು ಕಿರಿದ. ಹೆಂಡತಿಯಾದವಳು ಗಂಡನ ಹೆಸರು ಹೇಳುವುದಿಲ್ಲ ಎಂಬುದು ಅಲ್ಲಿದ್ದ ಗಂಡಸರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಗೌಡರು ಹಾರ ಹಾಕಿ ಚಿತ್ರದ ಮುಂದೆ ಉದ್ದಕ್ಕೆ ಅಡ್ಡಬಿದ್ದರು. ಬದುಕಿದೆ ಅಂದುಕೊಂಡ ಮರಿಲಿಂಗಪ್ಪ.

ಅಷ್ಟರಲ್ಲಿ ಗೌಡರ ತಾಯಿ ಶಂಕ್ರಮ್ಮ ಕೋಲೂರುತ್ತ ಬಂದು ಅವನ ಪಕ್ಕ ನಿಂತರು. ಅವರೊಬ್ಬರು ನಕ್ಕಿರಲಿಲ್ಲ.

"ರುಮಾಲು ಭಾಳ ಕೆಳಗ ಇಳದದಲ್ಲೋ," ಎಂದರು ಮೆಲ್ಲಗೆ. "ಹಣಿ ಗಾಯ ಕಾಣವಲ್ದು. ಆವತ್ತು ಅದಕ್ಕ ನಮ್ಮ ಮನಿ ಕಟ್ಟಿ ಮ್ಯಾಲಿಂದ ಅರಿಷಿಣ ಒಗದಾಕಿ ನಾನ."

ಗೌಡರು ಇನ್ನೂ ಎದ್ದಿರಲಿಲ್ಲ.